ಮೊದಲ ತಲೆಮಾರಿನ ವಿದ್ಯಾರ್ಥಿಯ ಪ್ರವೇಶಾವಕಾಶದ ಅಂದಾಜು

ಬಂದ ಅರ್ಜಿಗಳಲ್ಲಿ ಅಲ್ಪಭಾಗವನ್ನಷ್ಟೇ ಒಪ್ಪಿಕೊಳ್ಳುವ ವಿಶ್ವವಿದ್ಯಾಲಯದಲ್ಲಿ, ತಂದೆತಾಯಿ ಪದವೀಧರರಲ್ಲದ ಮನೆಯ ವಿದ್ಯಾರ್ಥಿಗೆ ಸೀಟು ಸಿಗುವ ಸಾಧ್ಯತೆಯನ್ನು ಅಳೆಯುವ ಕ್ರಮ. ಇದು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರವೇಶ ಪದ್ಧತಿಯಲ್ಲಿ ಬೆಳೆದುಬಂದಿದೆ. ಕರ್ನಾಟಕದ ಸಿಇಟಿಯಲ್ಲಿ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್ ನೋಡಿ ಸೀಟಿನ ಅಂದಾಜು ಮಾಡಬಹುದು. ಅಮೆರಿಕದ ಇಂಥ ಸಂಸ್ಥೆಗಳಲ್ಲಾದರೋ ಅಂಕ, ಪ್ರಬಂಧ, ಶಿಕ್ಷಕರ ಶಿಫಾರಸು, ಮನೆಯ ಹಿನ್ನೆಲೆಗಳನ್ನು ಒಟ್ಟಾಗಿ ಓದಿ ತೀರ್ಮಾನಿಸುವ ‘ಸಮಗ್ರ ಪರಿಶೀಲನೆ’ ನಡೆಯುವುದರಿಂದ ಹಾಗೆ ಎಳೆದಿಟ್ಟ ಗೆರೆ ಇರುವುದಿಲ್ಲ.

ವ್ಯಾಖ್ಯೆ

ಅಮೆರಿಕದ 1965ರ ಉನ್ನತ ಶಿಕ್ಷಣ ಕಾಯ್ದೆಗೆ 1980ರಲ್ಲಿ ಆದ ತಿದ್ದುಪಡಿಯ ಪ್ರಕಾರ, ತಂದೆತಾಯಿ ಇಬ್ಬರೂ ನಾಲ್ಕು ವರ್ಷದ ಸ್ನಾತಕ ಪದವಿ ಮುಗಿಸಿರದಿದ್ದರೆ, ಅಥವಾ ಒಬ್ಬರ ಆಶ್ರಯದಲ್ಲೇ ಬೆಳೆದಿದ್ದು ಆ ಒಬ್ಬರು ಪದವಿ ಪಡೆದಿರದಿದ್ದರೆ, ಅಂಥವರು ಮೊದಲ ತಲೆಮಾರಿನವರು. ಕಾಲೇಜು ಸೇರಿ ನಡುವೆ ಬಿಟ್ಟವರ ಮಕ್ಕಳೂ ಇದರಲ್ಲಿ ಸೇರುತ್ತಾರೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಈ ವ್ಯಾಖ್ಯೆಯನ್ನೇ ಅನುಸರಿಸುವುದಿಲ್ಲವಾದ್ದರಿಂದ, ಅರ್ಜಿ ಹಾಕುವ ಸಂಸ್ಥೆಯ ವ್ಯಾಖ್ಯೆಯನ್ನು ಮೊದಲು ನೋಡಬೇಕಾಗುತ್ತದೆ.

ಇತಿಹಾಸ

ಮನೆತನದ ಹಿನ್ನೆಲೆಯನ್ನು ಅಳೆಯುವ ರೂಢಿ ಬಡವರ ಪರವಾಗಿ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಲು ‘ಶೀಲ’, ವ್ಯಕ್ತಿತ್ವ, ವಂಶ ಮುಂತಾದ ಅಳತೆಗಳನ್ನು ಆಯ್ಕೆಗೆ ಸೇರಿಸಿದವು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ನೀಡುವ ಆದ್ಯತೆ ಬೇರೂರಿದ್ದೂ ಆ ಕಾಲದಲ್ಲೇ. ಅದೇ ಹಿನ್ನೆಲೆಯನ್ನು ಅವಕಾಶವಂಚಿತರ ಪರವಾಗಿ ಓದುವ ನೀತಿ ರೂಪುಗೊಂಡದ್ದು ಬಹಳ ತಡವಾಗಿ. 1996ರ ಜನಮತದಿಂದ ಜನಾಂಗಾಧಾರಿತ ಆದ್ಯತೆಯನ್ನು ಕೈಬಿಡಬೇಕಾಗಿ ಬಂದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು 2001ರಲ್ಲಿ ಸಮಗ್ರ ಪರಿಶೀಲನೆಯನ್ನು ಅಂಗೀಕರಿಸಿ, ವಿದ್ಯಾರ್ಥಿಯ ಸಾಧನೆಯನ್ನು ಅವರ ಶಾಲೆಯಲ್ಲಿ ದೊರೆತ ಅವಕಾಶಗಳೊಂದಿಗೆ ಹೋಲಿಸಿ ನೋಡುವ ಕ್ರಮವನ್ನು ತಂದಿತು. 2023ರ ಜೂನ್ 29ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಹಾರ್ವರ್ಡ್ ಪ್ರಕರಣದಲ್ಲಿ ಜನಾಂಗಾಧಾರಿತ ಆದ್ಯತೆಯ ವಿರುದ್ಧ ನೀಡಿದ ತೀರ್ಪಿನ ನಂತರ ಈ ಬಗೆಯ ಓದಿಗೆ ಮಹತ್ವ ಹೆಚ್ಚಿದಂತೆ ತೋರುತ್ತದೆ.

ಅಂದಾಜಿನ ಕ್ರಮ

ಸಂಸ್ಥೆ ಪ್ರಕಟಿಸುವ ಒಟ್ಟು ಪ್ರವೇಶ ಪ್ರಮಾಣವು ಯಾವೊಬ್ಬ ವಿದ್ಯಾರ್ಥಿಯ ಸಾಧ್ಯತೆಯೂ ಅಲ್ಲ. ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಸೀಟು ಸಿಕ್ಕರೆ ಸೇರಿಯೇ ತೀರುವೆವೆಂದು ಮುಂಚಿತವಾಗಿ ಒಪ್ಪಿ ಅರ್ಜಿ ಹಾಕಿದವರು ಎಲ್ಲರೂ ಬೆರೆತ ಸರಾಸರಿ ಅದು. ಆದ್ದರಿಂದ ಮೊದಲು ಸಂಸ್ಥೆಯ ವಾರ್ಷಿಕ ‘ಕಾಮನ್ ಡೇಟಾ ಸೆಟ್’ ವಿವರಪಟ್ಟಿಯನ್ನು ನೋಡಬೇಕು. ಮೊದಲ ತಲೆಮಾರಿನವರೆಂಬ ಅಂಶವು ತಮಗೆ ಬಹುಮುಖ್ಯವೋ, ಮುಖ್ಯವೋ, ಪರಿಗಣಿತವೋ, ಅಪರಿಗಣಿತವೋ ಎಂಬುದನ್ನು ಸಂಸ್ಥೆಗಳು ಅದರಲ್ಲಿ ಗುರುತಿಸುತ್ತವೆ. ಅನಂತರ ಅಂಕಗಳನ್ನು ಶಾಲೆಯ ಸಂದರ್ಭದಲ್ಲಿಟ್ಟು ಓದಬೇಕು: ಉನ್ನತ ಮಟ್ಟದ ಗಣಿತವನ್ನೇ ಕಲಿಸದ ಶಾಲೆಯ ವಿದ್ಯಾರ್ಥಿ ಅದನ್ನು ಓದಿಲ್ಲವೆಂಬುದು ಕೊರತೆಯಲ್ಲ. ಕಾಲೇಜು ಪ್ರವೇಶಕ್ಕೆಂದು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕಕ್ಕೂ ಇದೇ ಮಾತು ಸಲ್ಲುತ್ತದೆ. ಅಂಕ ಸಲ್ಲಿಸುವುದು ಐಚ್ಛಿಕವಾಗಿದ್ದಾಗ, ನೆರವಾಗಬಹುದಾಗಿದ್ದ ಅಂಕವನ್ನೂ ಅನುಕೂಲವಿಲ್ಲದ ಮನೆಗಳ ಕೆಲವರು ಮುಚ್ಚಿಟ್ಟದ್ದು ಕಂಡುಬಂದ ಮೇಲೆ ಡಾರ್ಟ್‌ಮತ್ ಕಾಲೇಜು 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸಿತು.

ಕರ್ನಾಟಕದಿಂದ ಅರ್ಜಿ ಹಾಕುವವರ ಲೆಕ್ಕ ಬೇರೆ. ಹಣದ ನೆರವು ಕೇಳಿದ್ದನ್ನು ಆಯ್ಕೆಯಲ್ಲಿ ಎಣಿಸದೆ ವಿದೇಶಿಯರನ್ನು ಸೇರಿಸಿಕೊಳ್ಳುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಸಂಸ್ಥೆಗಳು ಕೆಲವೇ ಇವೆ; ಉಳಿದೆಡೆ ನೆರವು ಕೇಳಿದ್ದನ್ನೂ ಅಂದಾಜಿಗೆ ಸೇರಿಸಿಕೊಳ್ಳಬೇಕು.

ಮಿತಿಗಳು

ಅಂದಾಜು ಎಷ್ಟೇ ಎಚ್ಚರದ್ದಾದರೂ, ಅರ್ಜಿಯನ್ನೇ ಹಾಕದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಹೆಚ್ಚು ಅಂಕವಿದ್ದ ಬಡ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಇಂಥ ಸಂಸ್ಥೆಗಳಿಗೆ ಅರ್ಜಿ ಹಾಕುವುದೇ ಇಲ್ಲವೆಂದು ಅರ್ಥಶಾಸ್ತ್ರಜ್ಞರಾದ ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೊಫರ್ ಏವರಿ ತೋರಿಸಿಕೊಟ್ಟಿದ್ದಾರೆ. ಪ್ರವೇಶ ದೊರೆತರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲವೆಂದು ಮಿಶಿಗನ್ ವಿಶ್ವವಿದ್ಯಾಲಯವು ರಾಜ್ಯದ ಬಡ ಪ್ರತಿಭಾವಂತರ ಮನೆಗೇ ಪತ್ರ ಕಳುಹಿಸಿ ನೋಡಿದಾಗ, ಪತ್ರ ತಲುಪದವರಲ್ಲಿ ಶೇ. 26ರಷ್ಟಿದ್ದ ಅರ್ಜಿದಾರರ ಪ್ರಮಾಣ ಪತ್ರ ತಲುಪಿದವರಲ್ಲಿ ಶೇ. 68 ಆಗಿತ್ತು, ಅಲ್ಲಿಯೇ ಸೇರಿದವರ ಪ್ರಮಾಣ ಶೇ. 12ರ ಬದಲು ಶೇ. 27 ಆಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಆ ನೆರವು ಹೇಗೂ ದೊರೆಯುವಂಥದ್ದಾಗಿತ್ತು. ಪತ್ರದಿಂದ ಹೊಸದಾಗಿ ದೊರೆತದ್ದು ಮುಂಗಡ ಭರವಸೆ ಮಾತ್ರ. ಆದ್ದರಿಂದ ಸಾಧ್ಯತೆಯನ್ನು ಅಳೆಯುವವರು ಪ್ರವೇಶದ ಅಂದಾಜಿನೊಂದಿಗೆ, ಸೀಟು ಸಿಕ್ಕರೆ ಮನೆಯವರು ನಿಜವಾಗಿ ಕಟ್ಟಬೇಕಾಗುವ ಹಣದ ಅಂದಾಜನ್ನೂ ವಿದ್ಯಾರ್ಥಿಯ ಮುಂದಿಡುವುದು ಅಗತ್ಯ.