ಲೆಂಗ್‌ಬರ್ಗ್ ದುರ್ಗದ ವಸ್ತ್ರಾವಶೇಷಗಳು ಮತ್ತು ಒಳಉಡುಪಿನ ಇತಿಹಾಸ

ಗತಕಾಲದ ವೇಷಭೂಷಣಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಶಿಲ್ಪ, ಚಿತ್ರ, ಗ್ರಂಥ ಎಂಬ ಮೂರು ಆಕರಗಳನ್ನು ಆಶ್ರಯಿಸುವರು. ಹೊರಉಡುಪಿನ ಮಟ್ಟಿಗೆ ಇವು ಬಹುಪಾಲು ನೆಚ್ಚಬಹುದಾದವುಗಳೇ ಆದರೂ, ಮೈಗೆ ತಗುಲಿಕೊಂಡು ಮರೆಯಲ್ಲಿರುವ ಒಳಉಡುಪಿನ ವಿಚಾರಕ್ಕೆ ಬಂದೊಡನೆ ಮೂರೂ ಹೆಚ್ಚುಕಡಿಮೆ ಮೌನ ತಾಳುತ್ತವೆ. ಚಿತ್ರಕಾರನ ಕಣ್ಣಿಗೆ ಬಿದ್ದುದು ಮೇಲಿನ ಹೊದಿಕೆ. ಕವಿ ಮೆಚ್ಚಿದುದು ಅದರ ಬಣ್ಣ, ಬೆಡಗು. ಒಳಗಿನದರ ಮಾತೆತ್ತಿದವರು ವೈದ್ಯರು, ನೀತಿಬೋಧಕರು, ದರ್ಜಿಗೆ ಕೊಟ್ಟ ಹಣದ ಲೆಕ್ಕ ಬರೆದಿಟ್ಟ ಕರಣಿಕರು, ಇಷ್ಟೇ ಮಂದಿ. ಅವರ ಮಾತೂ ಒಂದೆರಡು ವಾಕ್ಯಗಳನ್ನು ಮೀರುವುದಿಲ್ಲ. ಆದುದರಿಂದ ಈ ಕ್ಷೇತ್ರದಲ್ಲಿ ಬಟ್ಟೆಯೇ ಪ್ರಥಮ ಸಾಕ್ಷಿಯಾಗಬೇಕು, ಗ್ರಂಥವು ಅದರ ಬೆಳಕಿನಲ್ಲಿ ಓದಲ್ಪಡಬೇಕು, ಚಿತ್ರವು ಕಟ್ಟಕಡೆಗೆ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಸ್ಟ್ರಿಯ ದೇಶದ ಪೂರ್ವ ಟಿರೋಲ್ ಪ್ರಾಂತದ ಲೆಂಗ್‌ಬರ್ಗ್ ದುರ್ಗದಲ್ಲಿ ದೊರೆತ ಅವಶೇಷಗಳಿಗಿಂತ ಪ್ರಬಲವಾದ ಆಧಾರ ಬೇರೊಂದಿಲ್ಲ.

ನಿಕೋಲ್ಸ್‌ಡಾರ್ಫ್ ಗ್ರಾಮದ ಈ ದುರ್ಗವನ್ನು 2008ರಲ್ಲಿ ದುರಸ್ತಿ ಮಾಡುತ್ತಿದ್ದಾಗ, ಮೇಲಂತಸ್ತಿನ ಒಂದು ಕೋಣೆಯ ನೆಲದಡಿಯಲ್ಲಿ, ಕೆಳಗಿನ ಕಮಾನಿನ ಬಾಗಿಗೂ ಮೇಲಿನ ನೆಲಕ್ಕೂ ನಡುವಣ ಪೊಳ್ಳು ಜಾಗದಲ್ಲಿ, ಪದರ ಪದರವಾಗಿ ತುಂಬಿದ್ದ ಕಸ ಕಾಣಿಸಿಕೊಂಡಿತು. ಹುಲ್ಲು, ಕೆತ್ತಿದ ಮರದ ಚೂರು, ಚರ್ಮ, ಪಾದರಕ್ಷೆಗಳ ತುಂಡು, ಇವುಗಳ ಜೊತೆಗೆ 2,700ಕ್ಕೂ ಮಿಕ್ಕ ಬಟ್ಟೆಯ ತುಣುಕುಗಳು. ಹದಿನೈದನೆಯ ಶತಮಾನದಲ್ಲಿ ದುರ್ಗಕ್ಕೆ ಇನ್ನೊಂದು ಅಂತಸ್ತನ್ನು ಏರಿಸುವಾಗ ನೆಲವನ್ನು ಸಮಮಾಡಲು ಕೈಗೆ ಸಿಕ್ಕಿದುದನ್ನೆಲ್ಲ ಅಲ್ಲಿ ಸುರಿದಿದ್ದರು. ಮೇಲೆ ನೆಲಹಾಸು, ಕೆಳಗೆ ಕಮಾನು. ತೇವ ತಾಗದೆ ಎಲ್ಲವೂ ಐದು ಶತಮಾನಗಳಿಗೂ ಮಿಕ್ಕಿ ಉಳಿದುಬಂದವು. ದುರ್ಗದ ಪ್ರಾರ್ಥನಾಮಂದಿರವನ್ನು ಕಾವೊರ್ಲೆಯ ಬಿಷಪ್ಪನು 1485ರಲ್ಲಿ ಪ್ರತಿಷ್ಠಾಪಿಸಿದ ಸಂಗತಿ ಅವನ ಪರಿವಾರದಲ್ಲಿದ್ದ ಪಾವೊಲೊ ಸಾಂಟೊನೀನೊ ಎಂಬಾತನ ದಿನಚರಿಯಲ್ಲಿ ದಾಖಲಾಗಿರುವುದರಿಂದ, ಕಟ್ಟಡದ ಕಾಲಕ್ಕೆ ಒಂದು ಎಲ್ಲೆ ಸಿಕ್ಕಿತು. ಜ್ಯೂರಿಕ್ಕಿನಲ್ಲಿ ನಾರುಗಳ ಮೇಲೆ ನಡೆದ ಇಂಗಾಲ-14ರ ಕಾಲಪರೀಕ್ಷೆಯೂ ಹದಿನೈದನೆಯ ಶತಮಾನವನ್ನೇ ಸಮರ್ಥಿಸಿತು.

ಇನ್ಸ್‌ಬ್ರುಕ್ ವಿಶ್ವವಿದ್ಯಾನಿಲಯದ ಬಿಯಾಟ್ರಿಕ್ಸ್ ನಟ್ಸ್ ಅವರು ಈ ಚಿಂದಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಅಗಸೆನಾರಿನ ಬಟ್ಟೆಯಿಂದ ಮಾಡಿದ ನಾಲ್ಕು ಉಡುಪುಗಳಲ್ಲಿ ಎರಡೆರಡು ಬಟ್ಟಲುಗಳಂತೆ ಕತ್ತರಿಸಿ ಹೊಲಿದ ಸ್ತನಾಚ್ಛಾದನಗಳನ್ನು ಗುರುತಿಸಿದರು. 2012ರಲ್ಲಿ ಈ ವಾರ್ತೆ ಹೊರಬೀಳುವವರೆಗೆ, ಇಂತಹ ಬಟ್ಟಲಿನ ಕುಪ್ಪಸವು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದ ಹಾಗೂ ಇಪ್ಪತ್ತನೆಯದರ ಆದಿಭಾಗದ ಸೃಷ್ಟಿಯೆಂದೇ ಉಡುಪಿನ ಇತಿಹಾಸಕಾರರು ಸಾಮಾನ್ಯವಾಗಿ ನಂಬಿದ್ದರು. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಪಡೆದ ಪೇಟೆಂಟು ಅದರ ಜನ್ಮಪತ್ರಿಕೆಯೆಂಬಂತೆ ಗ್ರಂಥದಿಂದ ಗ್ರಂಥಕ್ಕೆ ಸಾಗಿಬಂದಿತ್ತು.

ಈ ನಾಲ್ಕರಲ್ಲಿ ಎರಡು, ಎದೆಯ ಕೆಳಗೇ ಮುಗಿಯುವ ತೋಳಿಲ್ಲದ ಮೋಟು ಅಂಗಿಗಳನ್ನು ಹೋಲುವವು. ಬಟ್ಟಲುಗಳ ಮೇಲೆ ಕತ್ತಿನವರೆಗೂ ಮತ್ತಷ್ಟು ಬಟ್ಟೆ ಇದ್ದು ಎದೆಯನ್ನು ಮುಚ್ಚುತ್ತಿದ್ದಿತು. ಮೂರನೆಯದಕ್ಕೆ ಅಗಲವಾದ ಎರಡು ಹೆಗಲುಪಟ್ಟಿಗಳಿವೆ. ನಾಲ್ಕನೆಯದು ಪೂರ್ಣವಾಗಿ ಉಳಿದಿಲ್ಲವಾದರೂ ಎಲ್ಲಕ್ಕಿಂತ ಹೆಚ್ಚು ಮಾತನಾಡುತ್ತದೆ. ಅದರ ಒಂದೊಂದು ಬಟ್ಟಲನ್ನೂ ಎರಡು ತುಂಡುಗಳಿಂದ, ನಡುವೆ ಲಂಬವಾದ ಹೊಲಿಗೆ ಬರುವಂತೆ, ಕೂಡಿಸಿದ್ದಾರೆ. ಚಪ್ಪಟೆಯಾದ ಬಟ್ಟೆಗೆ ಉಬ್ಬು ಬರಬೇಕಾದರೆ ಅಂಚುಗಳನ್ನು ಬಾಗಿಸಿ ಕತ್ತರಿಸಿ ಜೋಡಿಸಬೇಕೆಂಬ ದರ್ಜಿಯ ಜ್ಞಾನ ಇಲ್ಲಿ ಸ್ಪಷ್ಟ. ಬಟ್ಟಲಿನ ಸುತ್ತಣ ಬಟ್ಟೆ ಪಕ್ಕೆಲುಬುಗಳ ಕೆಳತುದಿಯವರೆಗೂ ಇಳಿಯುತ್ತದೆ. ಎಡಪಾರ್ಶ್ವದಲ್ಲಿ ಲಾಡಿ ತೂರಿಸುವ ಆರು ಕಣ್ಣುಗಳ ಸಾಲಿದೆ. ಮೇಲೆ ಸೂಜಿಯಿಂದಲೇ ಹೆಣೆದ ಜಾಲರಿಯ ಅಲಂಕಾರವಿದೆ. ಲಾಡಿಯ ಕಣ್ಣುಗಳಿರುವುದರಿಂದ ಉಡುಪು ಪಾರ್ಶ್ವದಲ್ಲಿ ಬಿಗಿಯಲ್ಪಡುತ್ತಿತ್ತೆಂದೂ, ಬಿಗಿತವಿದ್ದುದರಿಂದ ಅದು ಎದೆಗೆ ಕೇವಲ ಮರೆಯಾಗಿರದೆ ಆಧಾರವೂ ಆಗಿದ್ದಿತೆಂದೂ, ಯಾರೂ ಕಾಣದ ಒಳಉಡುಪಿಗೂ ಜಾಲರಿಯ ಸೊಬಗನ್ನು ಕೊಡಲು ಒಬ್ಬಾಕೆ ಹೊತ್ತು ವ್ಯಯಿಸಿದಳೆಂದೂ ನಾವು ತಿಳಿಯುತ್ತೇವೆ. ಈ ಮೂರನೆಯ ಸಂಗತಿಯನ್ನು ಯಾವ ಗ್ರಂಥವೂ ನಮಗೆ ಹೇಳುತ್ತಿರಲಿಲ್ಲ.

ಗ್ರಂಥಗಳು ಇರಲಿಲ್ಲವೆಂದಲ್ಲ. ಫ್ರಾನ್ಸಿನ ಅರಸನ ಶಸ್ತ್ರವೈದ್ಯನಾಗಿದ್ದ ಆನ್ರಿ ದ ಮೊಂದ್‌ವೀಲ್ ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಬರೆದ ಶಸ್ತ್ರವೈದ್ಯ ಗ್ರಂಥದಲ್ಲಿ, ಕೆಲವು ಸ್ತ್ರೀಯರು ಎದೆಗೆ ಸರಿಹೊಂದುವ ಎರಡು ಚೀಲಗಳನ್ನು ಉಡುಪಿನಲ್ಲಿ ಸೇರಿಸಿಕೊಂಡು ಪ್ರತಿನಿತ್ಯ ಬೆಳಿಗ್ಗೆ ಅವುಗಳಲ್ಲಿ ಸ್ತನಗಳನ್ನಿರಿಸಿ ಬಿಗಿದುಕೊಳ್ಳುವರೆಂದು ಹೇಳಿದ್ದಾನೆ. 1480ರ ಸುಮಾರಿನಲ್ಲಿ ಜರ್ಮನಿಯ ಕೊನ್ರಾಡ್ ಸ್ಟೊಲೆ ತನ್ನ ವೃತ್ತಾಂತಗ್ರಂಥದಲ್ಲಿ ಇಂತಹ ಚೀಲಗಳುಳ್ಳ ಅಂಗಿಗಳನ್ನು ಅಸಭ್ಯವೆಂದು ಖಂಡಿಸಿದ್ದಾನೆ. ಆದರೆ ಉಡುಪು ಕಣ್ಣಮುಂದೆ ಇಲ್ಲದಿದ್ದಾಗ ಈ ಚೀಲಗಳನ್ನು ಎದೆಗೆ ಸುತ್ತಿಕೊಳ್ಳುವ ಪಟ್ಟಿಯೆಂದೂ, ನೀತಿಬೋಧಕನ ಅತ್ಯುಕ್ತಿಯೆಂದೂ ಅರ್ಥೈಸುವುದಕ್ಕೆ ಎಡೆಯಿದ್ದಿತು. ಬಟ್ಟೆ ದೊರೆತ ಮೇಲೆ ಅದೇ ವಾಕ್ಯಗಳು ಯಥಾರ್ಥವಾದ ವರ್ಣನೆಗಳಾಗಿ ನಿಂತವು. ವೈದ್ಯನು ತಾನು ಕಂಡುದನ್ನೇ ಬರೆದಿದ್ದನು. ಅವನನ್ನು ನಂಬುವ ಆಧಾರ ನಮಗೆ ದೊರೆಯಲು ಏಳು ಶತಮಾನಗಳು ಹಿಡಿದವು.

ಅದೇ ಕಸದಲ್ಲಿ ದೊರೆತ ಚಡ್ಡಿಯ ಕಥೆ ಮತ್ತೊಂದು ಬಗೆಯ ಎಚ್ಚರಿಕೆಯನ್ನು ಬೇಡುತ್ತದೆ. ಸೊಂಟದ ಪಾರ್ಶ್ವದಲ್ಲಿ ಲಾಡಿಯಿಂದ ಕಟ್ಟಿಕೊಳ್ಳುವ, ತೇಪೆ ಹಾಕಿದ, ಬಹು ಚಿಕ್ಕದಾದ ಅಗಸೆನಾರಿನ ಚಡ್ಡಿ ಅದು. ಇಂದಿನ ಕಣ್ಣಿಗೆ ಸ್ತ್ರೀಯರ ಉಡುಪೆಂದೇ ತೋರುವುದು. ಆದರೆ ಆ ಕಾಲದ ಯೂರೋಪಿನ ಚಿತ್ರಗಳಲ್ಲಿ ಚಡ್ಡಿ ಪುರುಷರ ಮೈಮೇಲೆಯೇ ಕಾಣಬರುವುದು. ಅದನ್ನು ಧರಿಸಿದ ಸ್ತ್ರೀಯ ಚಿತ್ರ ಬಂದರೂ ಗಂಡನ ಅಧಿಕಾರವನ್ನು ಕಸಿದುಕೊಂಡ ಹೆಂಡತಿಯ ವಿಡಂಬನೆಯಾಗಿ ಬರುವುದು. ಇದರಿಂದ ನಟ್ಸ್ ಅವರು ಚಡ್ಡಿಯನ್ನು ಪುರುಷರದೆಂದು ನಿರ್ಣಯಿಸಿರುವುದು ಯುಕ್ತವೇ ಆಗಿದೆ. ಚಿತ್ರವು ಕೊನೆಯ ಸಾಕ್ಷಿಯೆಂದು ನಾನು ಹೇಳಿದೆನೇ ಹೊರತು ನಿರುಪಯೋಗಿಯೆಂದು ಹೇಳಲಿಲ್ಲ: ಬಟ್ಟೆಯ ರಚನೆಯನ್ನು ಬಟ್ಟೆಯೇ ತಿಳಿಸುವುದು, ಅದನ್ನು ತೊಟ್ಟವರಾರೆಂಬುದನ್ನು ಮಾತ್ರ ಅನೇಕ ವೇಳೆ ಅದು ತಿಳಿಸಲಾರದು.

ತೊಟ್ಟುದರ ಗುರುತು ಬಟ್ಟೆಯಲ್ಲಿಯೇ ಉಳಿಯುವ ಪ್ರಸಂಗಗಳೂ ಉಂಟು. ಈಜಿಪ್ಟಿನ ತರ್ಖಾನಿನಲ್ಲಿ ಫ್ಲಿಂಡರ್ಸ್ ಪೀಟ್ರಿ 1913ರಲ್ಲಿ ಅಗೆದು ತೆಗೆದ ಕೊಳೆಬಟ್ಟೆಯ ಗಂಟನ್ನು ಲಂಡನ್ನಿನಲ್ಲಿ 1977ರಲ್ಲಿ ಬಿಡಿಸಿ ಶುದ್ಧಿಮಾಡಿದಾಗ, ನೆರಿಗೆಯ ತೋಳುಗಳುಳ್ಳ ಅಂಗಿಯೊಂದು ಹೊರಬಂದಿತು. ಮೊಣಕೈ ಮತ್ತು ಕಂಕುಳಗಳಲ್ಲಿ ಬಿದ್ದಿದ್ದ ಸುಕ್ಕುಗಳಿಂದ, ಅದು ಶವಕ್ಕಾಗಿ ಹೊಲಿದುದಲ್ಲ, ಬದುಕಿದ್ದವರು ತೊಟ್ಟು ಓಡಾಡಿದುದು ಎಂದು ನಿಶ್ಚಯವಾಯಿತು. ಅದರ ಕಾಲ ಕ್ರಿ.ಪೂ. 3482 ಮತ್ತು 3102ರ ನಡುವಣದೆಂದು 2015ರ ಇಂಗಾಲ ಪರೀಕ್ಷೆ ತಿಳಿಸಿತು. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿರುವ ಒಂದನೆಯ ಎಲಿಜಬೆತ್ ರಾಣಿಯ ಪ್ರತಿಮೆಯ ಒಳಉಡುಪು. ರಾಣಿ ತೀರಿಕೊಂಡುದು 1603ರ ಮಾರ್ಚ್ 24ರಂದು, ಅಂತ್ಯಯಾತ್ರೆ ನಡೆದುದು ಏಪ್ರಿಲ್ 28ರಂದು. ಆ ಯಾತ್ರೆಗೆಂದು ಮಾಡಿದ ಪ್ರತಿಮೆಯನ್ನು 1760ರಲ್ಲಿ ನವೀಕರಿಸಿ ಹೊಸ ವಸ್ತ್ರ ತೊಡಿಸಿದರೂ, ತಿಮಿಂಗಿಲದ ಬಾಯಿಯ ಪಟ್ಟಿಗಳನ್ನು ಸೇರಿಸಿ ಬಿಗಿಗೊಳಿಸಿದ ಹಳೆಯ ಎದೆಕಟ್ಟೂ ಚಡ್ಡಿಯೂ ಒಳಗೆ ಉಳಿದುಕೊಂಡವು. ಇವನ್ನು ಅಭ್ಯಸಿಸಿದ ಜಾನೆಟ್ ಆರ್ನಲ್ಡ್ (1932–1998), ಉಳಿದುಬಂದ ಒಂದೊಂದು ಉಡುಪನ್ನೂ ಅಂಗುಲ ಅಂಗುಲವಾಗಿ ಅಳೆದು, ಹೊಲಿಗೆಯ ಜಾಡು ಹಿಡಿದು, ಮತ್ತೆ ಕತ್ತರಿಸಿ ಹೊಲಿಯಬಹುದಾದ ನಕ್ಷೆಯಾಗಿ ಬರೆದಿಟ್ಟ ಮಹಾವಿದುಷಿ. ಕತ್ತರಿ ಹಿಡಿದವನಿಗೆ ಅರ್ಥವಾಗದ ವರ್ಣನೆ ಉಡುಪಿನ ಇತಿಹಾಸದಲ್ಲಿ ಅಪೂರ್ಣವೇ ಸರಿಯೆಂಬುದನ್ನು ಆಕೆಯ ನಕ್ಷೆಗಳನ್ನು ನೋಡಿದವರು ಒಪ್ಪದಿರಲಾರರು.

ಕಾಲನಿರ್ಣಯದ ಇತರ ಕುರುಹುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸೂಕ್ಷ್ಮದರ್ಶಕದಡಿ ಹತ್ತಿಯ ಎಳೆ ತಿರುಚಿದ ಪಟ್ಟಿಯಂತೆಯೂ, ಅಗಸೆಯ ಎಳೆ ಗಿಣ್ಣುಗಿಣ್ಣಾಗಿಯೂ ಕಾಣುವುದು. ಕೃತಕ ವರ್ಣವಿದ್ದರೆ ಬಣ್ಣ ಹಾಕಿದುದು 1856ಕ್ಕಿಂತ ಹಿಂದಿನದಾಗಲಾರದು. ಯಂತ್ರದ ಹೊಲಿಗೆಯಿದ್ದರೆ ಆ ಹೊಲಿಗೆ ಹತ್ತೊಂಬತ್ತನೆಯ ಶತಮಾನಕ್ಕಿಂತ ಹಿಂದಿನದಾಗಲಾರದು. ಆದರೆ ಹಳೆಯ ಉಡುಪನ್ನು ಬಿಚ್ಚಿ ಹೊಸದಾಗಿ ಹೊಲಿಯುವುದು ಎಲ್ಲ ಕಾಲದಲ್ಲಿಯೂ ನಡೆದುಬಂದಿರುವುದರಿಂದ, ಹೊಲಿಗೆಯ ಕಾಲವನ್ನೇ ಬಟ್ಟೆಯ ಕಾಲವೆಂದು ತಿಳಿಯಬಾರದು. ಬಿಚ್ಚಿದ ಹೊಲಿಗೆ ಬಿಟ್ಟುಹೋದ ಸೂಜಿಯ ತೂತುಗಳನ್ನು ಹುಡುಕುವುದು ಇಲ್ಲಿ ಪರೀಕ್ಷಕನ ಮುಖ್ಯ ಕರ್ತವ್ಯ.

ನಮ್ಮ ನಾಡಿನ ಮಟ್ಟಿಗೆ ಈ ವಿಧಾನಕ್ಕೆ ಹವೆಯೇ ಪ್ರತಿಕೂಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜನ ವಸ್ತ್ರೋಪಭೋಗಕ್ಕೆಂದೇ ಒಂದು ಪ್ರಕರಣವಿದ್ದು, ಬಟ್ಟೆಗಳು ಬರುತ್ತಿದ್ದ ದೇಶಗಳ ಹೆಸರೂ ಋತುವಿಗೆ ತಕ್ಕ ಉಡುಗೆಗಳೂ ಅಲ್ಲಿ ಬಂದಿವೆ, ಆದರೆ ಹನ್ನೆರಡನೆಯ ಶತಮಾನದ ಆ ಬಟ್ಟೆಗಳನ್ನು ಮಳೆ, ಸೆಕೆ, ಗೆದ್ದಲುಗಳು ನಮ್ಮ ಕೈಗೆ ಉಳಿಸಿಕೊಡಲಿಲ್ಲ. ಹೊಯ್ಸಳ ಶಿಲ್ಪಗಳನ್ನು ಮಾತ್ರ ಮುಂದಿಟ್ಟುಕೊಂಡು ಆ ಕಾಲದ ಸ್ತ್ರೀಯರು ಕುಪ್ಪಸವನ್ನೇ ತೊಡುತ್ತಿರಲಿಲ್ಲವೆಂದು ತೀರ್ಮಾನಿಸುವವರನ್ನು ನಾನು ಒಪ್ಪಲಾರೆ. ಅದಕ್ಕೆ ಶತಮಾನಗಳಷ್ಟು ಹಿಂದಿನ ಅಜಂತೆಯ ವರ್ಣಚಿತ್ರಗಳಲ್ಲಿಯೇ ಹೊಲಿದ ಕುಪ್ಪಸಗಳು ಕಾಣುತ್ತವೆ. ಭಾರತದ ಮಧ್ಯಯುಗದ ಹತ್ತಿಬಟ್ಟೆಯನ್ನು ಮುಟ್ಟಿ ನೋಡಬೇಕೆನ್ನುವವರು ಸದ್ಯಕ್ಕೆ ಈಜಿಪ್ಟಿನ ಒಣನೆಲಕ್ಕೆ ಋಣಿಗಳಾಗಬೇಕು. ಗುಜರಾತಿನಿಂದ ಹಡಗಿನಲ್ಲಿ ಹೋಗಿ ಅಲ್ಲಿ ಉಡಲ್ಪಟ್ಟು, ಹರಿದು, ಬಿಸಾಡಲ್ಪಟ್ಟ ಅಚ್ಚಿನ ಬಟ್ಟೆಗಳ ಸುಮಾರು 1,200 ತುಂಡುಗಳು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಅಚ್ಚಿನ ವಿನ್ಯಾಸವನ್ನು ಕುರಿತು ರೂತ್ ಬಾರ್ನ್ಸ್ ಅವರು ವಿಸ್ತಾರವಾಗಿ ಬರೆದಿದ್ದಾರೆ. ಹಲವು ತುಂಡುಗಳ ಅಂಚಿನಲ್ಲಿ ಮಡಿಚಿ ಹಾಕಿದ ಹೊಲಿಗೆಯೂ ಹಳೆಯ ಜೋಡಣೆಯ ದಾರವೂ ಇಂದಿಗೂ ಉಳಿದಿವೆ. ಲೆಂಗ್‌ಬರ್ಗಿನ ಚಿಂದಿಗಳನ್ನು ಓದಿದಂತೆ ಈ ಹೊಲಿಗೆಗಳನ್ನೂ ಓದಿ, ಯಾವ ತುಂಡು ಯಾವ ಉಡುಪಿನ ಯಾವ ಭಾಗವಾಗಿದ್ದಿತೆಂದು ನಿರ್ಣಯಿಸುವ ಕಾರ್ಯಕ್ಕೆ ಹೊಲಿಗೆ ಬಲ್ಲ ನಮ್ಮ ವಿದ್ವಾಂಸರು ಕೈಹಾಕಬೇಕಾಗಿದೆ.