ಕಾರ್ಮಿಕ ಸಂಘಗಳು ಇಂದಿಗೂ ಅಗತ್ಯವೇ? – ಚಿನ್ನದ ಗಣಿಯಿಂದ ನರಸಾಪುರದವರೆಗೆ ಒಂದು ಅವಲೋಕನ

ಭಾನುವಾರದ ಬೆಳಿಗ್ಗೆ ಗಂಟೆಯ ನಾದವನ್ನು ಕೇಳಿ ದೇವಾಲಯಕ್ಕೆ ಬರುವ ನಾವು, ಆ ದಿನದ ಬಿಡುವು ದುಡಿಯುವ ಜನರಿಗೆ ಹೇಗೆ ದೊರೆಯಿತೆಂದು ಯೋಚಿಸುವುದು ವಿರಳ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ನಿಶ್ಚಿತವಾದ ವಾರದ ರಜೆ ಎಂಬುದಿರಲಿಲ್ಲ. ಜ್ಯೋತಿಬಾ ಫುಲೆಯವರ ಸಹವರ್ತಿಗಳಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರನ್ನು ಒಂದುಗೂಡಿಸಿ, ಸುಮಾರು 5,500 ಮಂದಿಯ ಸಹಿಯುಳ್ಳ ಮನವಿಯೊಂದನ್ನು ಸಿದ್ಧಪಡಿಸಿದರು. ವಾರಕ್ಕೊಂದು ದಿನದ ವಿರಾಮವೇ ಅದರ ಮುಖ್ಯ ಬೇಡಿಕೆ. ಆರು ವರ್ಷಗಳ ಬಳಿಕ, 1890ರ ಜೂನ್ 10ರಂದು, ಗಿರಣಿ ಮಾಲೀಕರು ಭಾನುವಾರದ ರಜೆಗೆ ಸಮ್ಮತಿಸಿದರು. ಆ ಬಿಡುವು ತಾನಾಗಿ ಬಂದುದಲ್ಲ. ದುಡಿಯುವವರು ಒಟ್ಟಾಗಿ ಕೇಳಿದ್ದರಿಂದ ಬಂದುದು.

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸರಿಸುಮಾರು ಅಷ್ಟೇ ವಯಸ್ಸಿನ ಮತ್ತೊಂದು ವ್ಯವಸ್ಥೆಯನ್ನು ನೆನೆಯುವುದು ಅನುಚಿತವಾಗಲಾರದು. ಅದೇ ಕಾರ್ಮಿಕ ಸಂಘ. ಚಿನ್ನದ ಗಣಿಯ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಇದು ದೂರದ ವಿಷಯವಲ್ಲ. ನಮ್ಮ ಅಜ್ಜಂದಿರು ಸಂಘದ ಚೀಟಿಯನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಇಂದು ನಮ್ಮ ಮನೆಯ ಮಕ್ಕಳು ಕೆಲಸಕ್ಕೆ ಹೊರಟಾಗ, "ಸಂಘ, ಗಲಾಟೆ ಎಂದು ಹೋಗಬೇಡ" ಎಂದು ನಾವೇ ಬುದ್ಧಿ ಹೇಳುತ್ತೇವೆ. ಸಂಘದಿಂದ ಕಾರ್ಮಿಕನಿಗೂ ಉದ್ದಿಮೆಗೂ ಇಂದಿಗೂ ಹಿತವುಂಟೇ ಎಂಬ ಪ್ರಶ್ನೆಯನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು 1918ರ ಏಪ್ರಿಲ್‌ನಲ್ಲಿ ಬಿ. ಪಿ. ವಾಡಿಯಾರವರ ಅಧ್ಯಕ್ಷತೆಯಲ್ಲಿ ಮದರಾಸು ಕಾರ್ಮಿಕ ಸಂಘವನ್ನು ಸ್ಥಾಪಿಸಿದರು. ಅಂದು ಅಂತಹ ಸಂಘಕ್ಕೆ ಕಾನೂನಿನ ರಕ್ಷಣೆ ಇರಲಿಲ್ಲ. ಕೆಲಸದ ಕರಾರನ್ನು ಮುರಿಯುವಂತೆ ಕಾರ್ಮಿಕರನ್ನು ಪ್ರೇರೇಪಿಸಿದರೆಂದು ಗಿರಣಿಯವರು ವಾಡಿಯಾ ಮೊದಲಾದವರ ಮೇಲೆ ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಈ ಪ್ರಸಂಗದಿಂದ ಎಚ್ಚೆತ್ತ ಎನ್. ಎಂ. ಜೋಷಿಯವರು ಕೇಂದ್ರ ಶಾಸನಸಭೆಯಲ್ಲಿ ವಿಷಯವನ್ನೆತ್ತಿದ ಫಲವಾಗಿ 1926ರ ಕಾರ್ಮಿಕ ಸಂಘಗಳ ಕಾಯಿದೆ ರೂಪುಗೊಂಡಿತು.

ಆದರೆ ಆ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಸೀಮಿತವಾಗಿತ್ತು. ಮೈಸೂರು ಸಂಸ್ಥಾನಕ್ಕೆ ಅನ್ವಯಿಸಲಿಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಕೋಲಾರದ ಗಣಿಗಳಲ್ಲಿ, ಬಹುತೇಕ ತಮಿಳು ಸೀಮೆಯಿಂದ ಬಂದ ಬಡ ದಲಿತ ಕುಟುಂಬಗಳವರು ಭೂಗರ್ಭದಲ್ಲಿ ದುಡಿಯುತ್ತಿದ್ದರು. ಅವರಿಗೆ ಮನ್ನಣೆ ಪಡೆದ ಸಂಘವಿರಲಿಲ್ಲ. 1930ರಲ್ಲಿ ಕಂಪನಿಯು ಕಾರ್ಮಿಕರ ನೋಂದಣಿಗಾಗಿ ಬೆರಳಚ್ಚು ಪಡೆಯಲು ಮುಂದಾಯಿತು. ಅಪರಾಧಿಗಳಿಗೆ ತಕ್ಕ ಕ್ರಮವನ್ನು ತಮ್ಮ ಮೇಲೆ ಹೇರುತ್ತಿದ್ದಾರೆಂದು ನೊಂದ ಸಾವಿರಾರು ಮಂದಿ ಕೆಲಸಕ್ಕಿಳಿಯದೆ ನಿಂತರು. ಕಂಪನಿಯೊಡನೆ ಕುಳಿತು ಮಾತನಾಡಬಲ್ಲ ಪ್ರತಿನಿಧಿಗಳು ಯಾರೆಂಬುದೇ ಸ್ಪಷ್ಟವಿರಲಿಲ್ಲ; ಮುಂದೆ ಬಂದವನು ಕೆಲಸ ಕಳೆದುಕೊಳ್ಳುವ ಭಯ ಎಲ್ಲರಲ್ಲೂ ಇತ್ತು. ದೂರು ಹೇಳಲು ಬಾಗಿಲಿಲ್ಲದ ಕಡೆ, ದೂರು ಬೀದಿಗೆ ಬಂದಿತು.

ಮೈಸೂರು ಸರಕಾರವು ಸಂಘಗಳಿಗೆ ಕಾನೂನಿನ ಮನ್ನಣೆ ನೀಡಿದುದು 1940ರ ದಶಕದ ಆರಂಭದಲ್ಲಿ. ಆ ಬಳಿಕವೂ ದಾರಿ ಸುಗಮವಾಗಿರಲಿಲ್ಲ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದುದನ್ನು ಈ ಊರು ಮರೆತಿಲ್ಲ. ಅದೇ ದಶಕದಲ್ಲಿ ನಡೆದ ವೈದ್ಯಕೀಯ ತಪಾಸಣೆಯಲ್ಲಿ, ಪರೀಕ್ಷೆಗೊಳಗಾದ ಗಣಿ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯ ಶ್ವಾಸಕೋಶವನ್ನು ಕಲ್ಲಿನ ಧೂಳು ಹೊಕ್ಕು ಕೆಡಿಸಿತ್ತು. ಸಿಲಿಕೋಸಿಸ್ ಎಂಬ ಈ ರೋಗ ಒಬ್ಬ ಕಾರ್ಮಿಕನ ಕೆಮ್ಮಾಗಿದ್ದಾಗ ಅದು ಅವನ ದುರದೃಷ್ಟವೆನಿಸಿತ್ತು. ಸಾವಿರ ಮಂದಿಯ ಕೆಮ್ಮೆಂದು ತಿಳಿದಾಗ ಅದು ಪರಿಹಾರ ಬೇಡುವ ಹಕ್ಕಾಯಿತು. ಬಿಡಿ ಬಿಡಿಯಾದ ನೋವನ್ನು ಒಂದು ಲೆಕ್ಕಕ್ಕೆ ತಂದು ಮೇಜಿನ ಮೇಲಿಡುವುದೇ ಸಂಘದ ಮೊದಲ ಉಪಕಾರವೆಂದು ನಾವು ಭಾವಿಸುತ್ತೇವೆ.

ಈ ವಿಷಯದಲ್ಲಿ ಧರ್ಮಸಭೆಯ ನಿಲುವು ಏನೆಂದು ಕೆಲವರು ಸಂದೇಹಪಡುವುದುಂಟು. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಹೊರಡಿಸಿದ "ರೇರುಂ ನೋವಾರುಂ" ಎಂಬ ವಿಶ್ವಪತ್ರವು, ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಸಹಜ ಹಕ್ಕೆಂದು ಸಾರಿತು. 1981ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು "ಲಬೋರೆಮ್ ಎಕ್ಸೆರ್ಚೆನ್ಸ್" ಪತ್ರದಲ್ಲಿ ಅದನ್ನು ಮತ್ತೆ ಎತ್ತಿಹಿಡಿದರು. ಮುಷ್ಕರವು ನ್ಯಾಯಸಮ್ಮತವಾದರೂ ಕೊನೆಯ ಅಸ್ತ್ರವೆಂದೂ, ಅದರ ದುರುಪಯೋಗ ಸಲ್ಲದೆಂದೂ ಎಚ್ಚರಿಸಿದರು. ಹಕ್ಕು ಮತ್ತು ಎಚ್ಚರಿಕೆ ಎರಡನ್ನೂ ಒಟ್ಟಿಗೆ ಓದಬೇಕು.

ಎಚ್ಚರಿಕೆಗೆ ಕಾರಣವಿಲ್ಲದಿಲ್ಲ. 1980ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ. ಮತ್ತು ಬಿ.ಇ.ಎಂ.ಎಲ್. ಕಾರ್ಖಾನೆಗಳ ನೌಕರರು ಆರಂಭಿಸಿದ ಮುಷ್ಕರ 77 ದಿನ ನಡೆಯಿತು. ಬಿ.ಎಚ್.ಇ.ಎಲ್. ನೌಕರರಿಗೆ ಸಮಾನವಾದ ವೇತನ ಬೇಕೆಂಬ ಮುಖ್ಯ ಬೇಡಿಕೆ ಈಡೇರದೆಯೇ ಅವರು ಕೆಲಸಕ್ಕೆ ಮರಳಬೇಕಾಯಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರವಂತೂ ವಿಧಿವತ್ತಾಗಿ ಮುಗಿಯಲೇ ಇಲ್ಲ. ಅನೇಕ ಗಿರಣಿಗಳು ಮತ್ತೆ ತೆರೆಯಲಿಲ್ಲ, ಸಹಸ್ರಾರು ಸಂಸಾರಗಳು ಬೀದಿಪಾಲಾದವು. ಅದಕ್ಕೆ ಹಳೆಯ ಯಂತ್ರಗಳು, ಮಾಲೀಕರ ಹಟ, ಭೂಮಿಯ ಬೆಲೆ ಇವೂ ಕಾರಣ. ಆದರೂ ಹಿಂದೆ ಸರಿಯುವ ದಾರಿಯನ್ನು ಉಳಿಸಿಕೊಳ್ಳದ ನಾಯಕತ್ವದ ದೋಷವನ್ನು ಮುಚ್ಚಿಡಲಾಗದು. ಇದಲ್ಲದೆ, ಒಂದೇ ಕಾರ್ಖಾನೆಯಲ್ಲಿ ಪಕ್ಷಕ್ಕೊಂದು ಸಂಘ ಕಟ್ಟಿ ಪರಸ್ಪರ ಕಚ್ಚಾಡುವುದು, ಕಾಯಂ ನೌಕರರ ಹಿತವನ್ನಷ್ಟೇ ನೋಡಿ ಗುತ್ತಿಗೆಯವರನ್ನು ಹೊರಗಿಡುವುದು – ಇವೂ ಸಂಘಗಳು ತಾವೇ ತಂದುಕೊಂಡ ವ್ಯಾಧಿಗಳು.

ಸಂಘದ ಶಕ್ತಿಗೆ ಮಿತಿಯುಂಟೆಂಬುದನ್ನು ನಮ್ಮ ಊರೂ ಕಂಡಿದೆ. 1956ರಲ್ಲಿ ರಾಷ್ಟ್ರೀಕರಣಗೊಂಡು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಅಧೀನದಲ್ಲಿದ್ದ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಅದಿರು ಬಡವಾಗಿ, ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಅದನ್ನು ತೆಗೆಯುವ ವೆಚ್ಚ ಏರಿದಾಗ, ಯಾವ ಸಂಘವೂ ಗಣಿಯನ್ನು ಉಳಿಸಲಾರದೆ ಹೋಯಿತು. ಆದರೆ ಗಣಿ ಮುಚ್ಚಿದ ಮೇಲೂ ಕಾರ್ಮಿಕರ ಬಾಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವು ಸಂಘಗಳೇ.

ಅಂದಿನಿಂದ ನಮ್ಮ ಯುವಜನರು ಮಾರಿಕುಪ್ಪಂನಿಂದ ಹೊರಡುವ ರೈಲನ್ನು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ; ಕೆಲವರು ಜಿಲ್ಲೆಯ ಹೊಸ ಕಾರ್ಖಾನೆಗಳನ್ನು ಸೇರಿದ್ದಾರೆ. ಅಲ್ಲಿ ಸಂಘಗಳು ವಿರಳ. ಹಾಗೆಂದು ಶಾಂತಿ ನೆಲೆಸಿದೆಯೇ? ಭವಿಷ್ಯ ನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಲಾಗದೆಂಬ ಕೇಂದ್ರದ ಆದೇಶ ಹೊರಟಾಗ, 2016ರ ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪು ಕಾರ್ಖಾನೆಗಳ ಸಹಸ್ರಾರು ಮಹಿಳೆಯರು ಯಾವ ನಾಯಕರ ಕರೆಯೂ ಇಲ್ಲದೆ ಬೆಂಗಳೂರಿನ ಹೆದ್ದಾರಿಗಳಿಗಿಳಿದರು. ಎರಡನೆಯ ದಿನ ವಾಹನಗಳಿಗೆ ಬೆಂಕಿ ಬಿದ್ದಿತು, ಆದೇಶವೂ ರದ್ದಾಯಿತು.

ಇನ್ನೂ ಸಮೀಪದ ನಿದರ್ಶನ ನಮ್ಮ ಜಿಲ್ಲೆಯ ನರಸಾಪುರದ್ದು. ಅಲ್ಲಿ ಐಫೋನ್ ತಯಾರಿಸುತ್ತಿದ್ದ, ಅಂದು ವಿಸ್ಟ್ರಾನ್ ಕಂಪನಿಯ ಕೈಯಲ್ಲಿದ್ದ ಕಾರ್ಖಾನೆಯಲ್ಲಿ ಅಲ್ಪಕಾಲದಲ್ಲೇ ಸಾವಿರಾರು ಗುತ್ತಿಗೆ ಕಾರ್ಮಿಕರನ್ನು ತುಂಬಿಕೊಳ್ಳಲಾಗಿತ್ತು. ಪಾಳಿಯನ್ನು 12 ಗಂಟೆಗೆ ಏರಿಸಲಾಗಿತ್ತು. ಹಾಜರಿಯ ಯಂತ್ರ ಸರಿಯಿರಲಿಲ್ಲ. ಸಂಬಳ ಕಡಿತವಾಗಿ ಬರುತ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಪ ಕಟ್ಟೆಯೊಡೆದು ಕೋಟ್ಯಂತರ ರೂಪಾಯಿಯ ಯಂತ್ರ ಸಾಮಗ್ರಿ ಹಾಳಾಯಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಕೆಲವರಿಗೆ ಸರಿಯಾಗಿ ವೇತನ ಸಂದಿರಲಿಲ್ಲವೆಂದು ಬಳಿಕ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆ್ಯಪಲ್ ಸಂಸ್ಥೆಯು ಅದಕ್ಕೆ ಹೊಸ ಕೆಲಸವನ್ನು ತಡೆಹಿಡಿಯಿತು. ಹಿಂಸೆಯನ್ನು ನಾವು ಯಾವ ಕಾರಣಕ್ಕೂ ಸಮರ್ಥಿಸಲಾರೆವು. ಆದರೆ, ಮೊದಲ ತಿಂಗಳ ಸಂಬಳದಲ್ಲಿ ವ್ಯತ್ಯಾಸ ಬಂದಾಗಲೇ ಹತ್ತು ಮಂದಿ ಪ್ರತಿನಿಧಿಗಳು ಆಡಳಿತ ವರ್ಗದ ಮುಂದೆ ಕುಳಿತು ಲೆಕ್ಕ ಕೇಳುವ ಏರ್ಪಾಡಿದ್ದರೆ, ಕಾರ್ಮಿಕರು ಸೆರೆಮನೆಯನ್ನೂ ಕಂಪನಿಯು ನಷ್ಟವನ್ನೂ ಕಾಣಬೇಕಾಗಿರಲಿಲ್ಲವೆಂದು ತೋರುತ್ತದೆ. 1930ರ ಬೆರಳಚ್ಚಿಗೂ 2020ರ ಹಾಜರಿ ಯಂತ್ರಕ್ಕೂ ನಡುವೆ 90 ವರ್ಷಗಳ ಅಂತರವಿದೆ. ದೂರು ಹೇಳಲು ಬಾಗಿಲಿಲ್ಲದ ಕೊರತೆ ಮಾತ್ರ ಒಂದೇ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಸಂಘವು ಕಾರ್ಮಿಕನ ನಾಲಗೆ ಹೇಗೋ ಹಾಗೆಯೇ ಉದ್ದಿಮೆಯ ಕಿವಿಯೂ ಹೌದು. ಲೆಕ್ಕಪತ್ರ ಚೊಕ್ಕಟವಾಗಿರಿಸಿ, ಕಾರ್ಖಾನೆಯೊಳಗಿನವರನ್ನೇ ನಾಯಕರನ್ನಾಗಿ ಆರಿಸಿ, ಗುತ್ತಿಗೆಯವರನ್ನೂ ಹೆಂಗಸರನ್ನೂ ಸೇರಿಸಿಕೊಂಡು, ಮಾಡಿದ ಒಪ್ಪಂದವನ್ನು ಪಾಲಿಸುವ ಸಂಘ ಇಬ್ಬರಿಗೂ ಲಾಭ. ಹಾಗಿಲ್ಲದ್ದು ಇಬ್ಬರಿಗೂ ಭಾರ.

2025ರ ನವೆಂಬರ್ 21ರಿಂದ 1926ರ ಕಾಯಿದೆಯ ಸ್ಥಾನದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರಂತೆ ನೂರಕ್ಕೆ 51 ಮಂದಿಯ ಬೆಂಬಲವುಳ್ಳ ಸಂಘಕ್ಕೆ ಮಾತುಕತೆಯ ಅಧಿಕಾರವುಂಟು. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಅಗತ್ಯ. ಒಡೆದು ಚೂರಾದ ಸಂಘಗಳಿಗೆ ಇನ್ನು ಮುಂದೆ ಕಷ್ಟಕಾಲ. ಒಗ್ಗಟ್ಟಿನ ಸಂಘಕ್ಕೆ ಅವಕಾಶ.

ಕೆಲಸಕ್ಕೆ ಹೊರಡುವ ಮಕ್ಕಳಿಗೆ ಇನ್ನು ಮೇಲೆ ನಾವು ಹೇಳಬೇಕಾದ ಬುದ್ಧಿಮಾತೂ ಬೇರೆ. "ಸಂಘಕ್ಕೆ ಹೋಗಬೇಡ" ಎನ್ನುವ ಬದಲು, "ಒಳ್ಳೆಯ ಸಂಘವಿದ್ದರೆ ಸೇರು, ಸೇರಿದ ಮೇಲೆ ಅದನ್ನು ಒಳ್ಳೆಯದಾಗಿಯೇ ಇಟ್ಟುಕೋ" ಎನ್ನೋಣ. ಭೂಗರ್ಭದ ಧೂಳನ್ನು ನುಂಗಿ ನಮ್ಮನ್ನು ಸಾಕಿದ ಹಿರಿಯರಿಗೆ ಈ ಶತಮಾನೋತ್ಸವದಲ್ಲಿ ನಾವು ಸಲ್ಲಿಸಬಹುದಾದ ಗೌರವವೂ ಅದೇ.