ಬಳ್ಳಾರಿ ಜಾಲಿಗಿಂತ ಮುಂಚೆ ನಮ್ಮ ಒಲೆಗೆ ಏನಿತ್ತು

ಹೋದ ಬೇಸಿಗೆಯಲ್ಲಿ ನಮ್ಮ ವಾಚನಾಲಯದ ಜಗಲಿ ಮೇಲೆ ಒಂದು ಮಾತು ಬಂತು. ಕೆರೆ ಅಂಗಳದಲ್ಲಿ ಬೆಳೆದಿರೋ ಜಾಲಿಯನ್ನೆಲ್ಲ ಜೆಸಿಬಿ ತರಿಸಿ ಬೇರು ಸಮೇತ ಕೀಳಿಸಬೇಕು ಅಂತ. ಹುಡುಗರು ಹೇಳಿದ್ದರಲ್ಲಿ ತಪ್ಪಿಲ್ಲ. ಕೆರೆಗೆ ನೀರು ಬರೋ ಕಾಲುವೆಯೇ ಕಾಣದಂಗೆ ಮುಚ್ಚಿಹೋಗೈತೆ. ಆದರೆ ಅವರಲ್ಲಿ ಒಬ್ಬ, "ನಮ್ಮಪ್ಪನ ಕಾಲದಲ್ಲಿ ಹೆಲಿಕಾಪ್ಟರ್‌ನಿಂದ ಬೀಜ ಉದುರಿಸಿದ್ರಂತೆ, ಅಲ್ಲಿಂದ ಹತ್ತಿದ ಪೀಡೆ ಇದು" ಅಂದ. ಎಲ್ಲರೂ ಹೌದೌದು ಅಂದರು. ನಾನು ಸುಮ್ಮನಿದ್ದೆ, ಯಾಕಂದ್ರೆ ಅವತ್ತು ನನಗೂ ಪೂರಾ ಗೊತ್ತಿರಲಿಲ್ಲ. ಆಮೇಲೆ ಮೇಷ್ಟ್ರ ಬೆನ್ನುಬಿದ್ದು, ಅವರು ತಂದ ಪುಸ್ತಕ ಓದಿಸಿಕೊಂಡು, ಹಳಬರನ್ನ ಕೇಳಿಕೊಂಡು ತಿಳಿದಷ್ಟನ್ನ ಇಲ್ಲಿ ಬರೆದಿದ್ದೀನಿ.

ಮೊದಲು ಒಲೆಯ ಸಮಾಚಾರ. ಚಳಿದೇಶದೋರ ಹಂಗೆ ನಾವು ಮನೆಯನ್ನೇ ಬೆಚ್ಚಗೆ ಮಾಡೋಕೆ ಬೆಂಕಿ ಹಾಕೋರಲ್ಲ. ಮಾಗಿ ಚಳಿಯಲ್ಲಿ ಮುಂಜಾನೆ ಬೀದಿಯಲ್ಲಿ ನಾಲ್ಕು ಪುಳ್ಳೆ ಹಚ್ಚಿ ಕೈ ಕಾಯಿಸಿಕೊಂಡರೆ ಮುಗೀತು. ನಮಗೆ ಸೌದೆ ಬೇಕಾಗಿದ್ದು ಅಡಿಗೆ ಒಲೆಗೆ, ಹಿತ್ತಲಿನ ಹಂಡೆ ಒಲೆಗೆ. ಹಿಂದೂಪುರದ ಕಡೆ ನಾವು ಸೌದೆ ಅಂತೀವಿ, ಕಲ್ಯಾಣದುರ್ಗದ ಕಡೆ ಕಟ್ಟಿಗೆ ಅಂತಾರೆ. ನಮ್ಮಕ್ಕನ್ನ ಆ ಕಡೆ ಒಂದು ಹಳ್ಳಿಗೆ ಕೊಟ್ಟಿತ್ತು. ಹಂಗಾಗಿ ಎರಡು ಸೀಮೆಯ ಒಲೆಯನ್ನೂ ನಾನು ಕಂಡಿದ್ದೀನಿ. ನಮ್ಮಲ್ಲಿ ರಾಗಿಮುದ್ದೆ, ಅಲ್ಲಿ ಜೋಳದ ರೊಟ್ಟಿ, ನವಣೆ ಅನ್ನ. ಮುದ್ದೆಗೆ ಬೇಕಾದ ಉರಿಯೇ ಬೇರೆ, ರೊಟ್ಟಿಗೆ ಬೇಕಾದ ಉರಿಯೇ ಬೇರೆ. ಎಸರು ಮರಳೋ ತನಕ ಜೋರು ಉರಿ, ಹಿಟ್ಟು ಹಾಕಿದ ಮೇಲೆ ಕೆಂಡದ ಶಾಖ, ಇದು ಮುದ್ದೆ. ರೊಟ್ಟಿಗೆ ಹೆಂಚಿನ ಅಡಿಗೆಲ್ಲ ಹರಡೋ ತೆಳ್ಳಗಿನ ಉರಿ ಬೇಕು, ತೊಗರಿಕಡ್ಡಿ, ಹರಳುಕಡ್ಡಿ ಇದ್ದರೆ ಸಾಕು. ಹಾಲು ಕೆನೆಗಟ್ಟಬೇಕಾದರೆ ಬೆರಣಿ. ಬೆರಣಿ ಬೆಂಕಿ ಏಳೋದೂ ಇಲ್ಲ, ಆರೋದೂ ಇಲ್ಲ.

ನಮ್ಮವ್ವ ಸೌದೆಯನ್ನ ಕಣ್ಣಿಗಿಂತ ಕೈಯಲ್ಲೇ ಹೆಚ್ಚು ಗುರುತು ಹಿಡೀತಿದ್ದಳು. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯೋಳು. ಟಣ್ ಅಂದರೆ ಒಣಗೈತೆ, ಡಬ್ ಅಂದರೆ ಒಳಗೆ ಇನ್ನೂ ಹಸಿ ಐತೆ. ಕೊಯ್ದ ತುದಿಯಲ್ಲಿ ಸೀಳು ಬಿಟ್ಟಿದೆಯಾ ನೋಡೋಳು. ಸಿಪ್ಪೆ ಕೆರೆದು ಮೂಸೋಳು. ಕರಿಜಾಲಿಯ ಚೇಗು ಕೆಂಪಗೆ, ಕೆಂಡ ಬಹಳ ಹೊತ್ತು ನಿಲ್ತದೆ. ಆದರೆ ಕರಿಜಾಲಿಯ ಬೊಡ್ಡೆಯನ್ನ ಒಲೆಗಿಟ್ಟರೆ ಅಪ್ಪ ಬೈತಿದ್ದ. ಅದು ನೇಗಿಲಿಗೆ, ಗಾಡಿಗೆ, ಅದರ ತೊಗಟೆ ಚರ್ಮ ಹದ ಮಾಡೋರಿಗೆ. ಒಲೆಗೆ ಬರೀ ರೆಂಬೆ. ದಿಂಡಿಗ ಸಿಕ್ಕಿದರೆ ಹಬ್ಬ, ಉರಿಯೂ ಚೆನ್ನ, ಇದ್ದಿಲೂ ಚೆನ್ನ. ಹುಣಸೆ ಸೌದೆಯ ಕಾವು ಭಾರಿ, ಇಟ್ಟಿಗೆ ಗೂಡಿನೋರು ಕೇಳಿಕೊಂಡು ಬರ್ತಿದ್ರು. ನುಗ್ಗೆ ಮರ ಬಿದ್ದರೆ ಯಾರೂ ತಿರುಗಿ ನೋಡ್ತಿರಲಿಲ್ಲ, ಹೊಗೆ ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಬೇವಿನ ಹೊಗೆ ಅಡಿಗೆಗೆ ಕಹಿ ಹತ್ತಿಸ್ತದೆ ಅಂತ ಅವ್ವ ಅದನ್ನ ಹಂಡೆ ಒಲೆಗೆ ಮಾತ್ರ ಇಡೋಳು. ಎಕ್ಕ, ಕಳ್ಳಿ, ಕಣಗಿಲೆ ಮೂರೂ ಹೊಸ್ತಿಲು ದಾಟಿ ಬರಬಾರದು. ಎಕ್ಕದ ಹಾಲು, ಕಳ್ಳಿ ಹಾಲು ಕಣ್ಣಿಗೆ ಕೇಡು, ಕಣಗಿಲೆಗೆ ಮೈಯೆಲ್ಲ ವಿಷ, ಅದರ ಹೊಗೆಯೂ ವಿಷವೇ. ಹೊಸದಾಗಿ ಬಂದ ಸೊಸೆಯಂದಿರಿಗೆ ಮೊದಲು ಹೇಳಿಕೊಡೋ ಪಾಠ ಇದು. ಈಗಿನ ಹೂವಿನ ತೋಟದೋರು ಕಣಗಿಲೆ ಕತ್ತರಿಸಿ ಬೇಲಿ ಮೂಲೆಯಲ್ಲಿ ರಾಶಿ ಹಾಕಿರ್ತಾರೆ. ಗೊತ್ತಿಲ್ಲದೋರು ಅದನ್ನ ಒಲೆಗೆ ಎತ್ತಿಕೊಂಡು ಹೋಗಬಾರದು ಅಂತಲೇ ಇದನ್ನ ಇಲ್ಲಿ ಬರೆದೆ.

ಇನ್ನು ಎರಡು ಗಿಡಗಳನ್ನ ಮರೆಯಂಗಿಲ್ಲ. ಬಂದರಿಕೆ ಹಸಿಯಾಗಿದ್ರೂ ಚಟಚಟ ಅಂತ ಹತ್ತಿಕೊಳ್ತದೆ. ಮಳೆಗಾಲದಲ್ಲಿ ಬಡವರ ಮಾನ ಉಳಿಸಿದ್ದು ಅದೇ. ಮತ್ತೊಂದು ತುಗ್ಗಲಿ. ಇದರ ಸೊಪ್ಪನ್ನ ಒಣಗಿಸಿ ಪುಡಿಮಾಡಿ ತಲೆಗೆ ಹಾಕಿ ತಿಕ್ಕಿಕೊಳ್ತಿದ್ರು, ಕಟ್ಟಿಗೆಯನ್ನ ಒಲೆಗಿಡ್ತಿದ್ರು. ಕಲ್ಯಾಣದುರ್ಗದ ಕಡೆಯ ಗುಡ್ಡದಲ್ಲಿ ಇವುಗಳ ಜೊತೆ ಕಮರ ಇರ್ತಿತ್ತು. ತೆಲುಗಿನೋರು ಅದನ್ನ ಏಪಿ ಅಂತಾರೆ. ಕಬ್ಬಿಣದಂಥ ಮರ, ಕೊಡಲಿ ಬಾಯಿಯೇ ಮುರೀತದೆ. ಅದರ ನಾರಿನಲ್ಲಿ ಹಗ್ಗ ಹೊಸೀತಿದ್ರು, ಸೊಪ್ಪು ದನಕ್ಕೆ ಹಾಕ್ತಿದ್ರು. ನಮ್ಮಕ್ಕ ಮದುವೆಯಾದ ಹೊಸದರಲ್ಲಿ ಊರಿಗೆ ಬಂದಾಗ ಹೇಳಿದ್ದು ಇನ್ನೂ ನೆನಪೈತೆ. "ಅಲ್ಲಿ ಕಟ್ಟಿಗೆ ಸೀಳೋದು ಅಂದ್ರೆ ಕಲ್ಲು ಒಡೆದಂಗೆ ಕಣೋ ತಮ್ಮಾ."

ಇಷ್ಟೆಲ್ಲ ಇದ್ದ ನಾಡಿಗೆ ಬೇರೆ ದೇಶದ ಮರ ಯಾಕೆ ಬೇಕಾಯ್ತು? ಇದಕ್ಕೆ ಜವಾಬು ಒಲೆ ಹತ್ರ ಇಲ್ಲ, ರೈಲಿನ ಹತ್ರ ಐತೆ.

1800ರಲ್ಲಿ ನಿಜಾಮರು ನಮ್ಮ ಸೀಮೆಯನ್ನ ಕಂಪನಿಯೋರಿಗೆ ಬಿಟ್ಟುಕೊಟ್ಟರು. ಆಗ ನಾವೆಲ್ಲ ಬಳ್ಳಾರಿಗೆ ಸೇರಿದೋರು. ಅನಂತಪುರ ಬೇರೆ ಜಿಲ್ಲೆ ಆಗಿದ್ದು 1882ರಲ್ಲಿ. ಅದಕ್ಕೆ ಮುಂಚೆಯೇ, 1871ರ ಹೊತ್ತಿಗೆ, ಮದರಾಸಿನಿಂದ ಕಡಪ, ತಾಡಿಪತ್ರಿ, ಗುತ್ತಿ, ಗುಂತಕಲ್ ಮೇಲೆ ರಾಯಚೂರಿಗೆ ರೈಲು ಹಾದಿ ಬಂದಿತ್ತು. ಕಲ್ಲಿದ್ದಲು ದೂರದಿಂದ ಬರಬೇಕು, ದುಬಾರಿ. ಹಂಗಾಗಿ ಎಂಜಿನ್ನಿಗೆ ಕಟ್ಟಿಗೆಯನ್ನೇ ಹಾಕ್ತಿದ್ರು. ನಮ್ಮ ತುಗ್ಗಲಿ ಕೂಡ ರೈಲಿಗೆ ಒಳ್ಳೆ ಸೌದೆ ಅಂತ ಹೆಸರು ಮಾಡಿತ್ತು. ಅವ್ವನ ಮೂರುಗುಂಡಿನ ಒಲೆ ದಿನಕ್ಕೆ ಎಷ್ಟು ತಿಂದೀತು? ರೈಲಿನ ಹೊಟ್ಟೆ ಅಂಥಾದ್ದಲ್ಲ. ಹಾದಿಯ ಎರಡೂ ಕಡೆ ಕುರುಚಲು ಕಾಡು ಬೋಳಾಗ್ತಾ ಬಂತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳೋ ಜಾಗದಲ್ಲಿ ಒಂದು ಮರ ಕಡಿದರೆ ಇನ್ನೊಂದು ಅಷ್ಟು ಬೇಗ ಬರ್ತದಾ?

ಅದರ ಮೇಲೆ ಧಾತು ಬರ ಬಂತು. 1876ರಿಂದ 1878ರವರೆಗೆ. ಆ ಬರದ ಪದ ನಮ್ಮ ಹಿರಿಯರು ಹಾಡ್ತಿದ್ದುದನ್ನ ಕೇಳಿಯೇ ನಾನು ಬೆಳೆದಿದ್ದು. ಅದೇ 1876ರಲ್ಲಿ ಮದರಾಸು ಸರ್ಕಾರದ ಕಾಡಿನ ಅಧಿಕಾರಿ ಬೆಡ್ಡೋಮ್ ಅನ್ನೋ ದೊರೆ ರೆವಿನ್ಯೂ ಇಲಾಖೆಗೆ ಕಾಗದ ಬರೆದ. ಒಣಭೂಮಿಯಲ್ಲಿ ಬೆಳೆಯೋ ಅಮೆರಿಕದ ಜಾಲಿ ಒಂದಿದೆ, ಅದರ ಬೀಜ ತರಿಸಿಕೊಡಿ ಅಂತ. ಈ ಬೆಡ್ಡೋಮ್ ಸುಮ್ಮನೆ ಕುರ್ಚಿ ಮೇಲೆ ಕೂತ ಮನುಷ್ಯ ಅಲ್ಲ. ಹಾವು, ಜರಿಗಿಡ, ಮರ ಎಲ್ಲದರ ಮೇಲೂ ಬರೆದೋನು. ಬೀಜ ಬಂತು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಹಾಕಿದ್ರು. ಕಮಲಾಪುರಂ ಇರೋದು ಅದೇ ರೈಲು ಹಾದಿಯಲ್ಲಿ, ಬೇಕಾದರೆ ತಿರುಪತಿಗೆ ಹೋಗುವಾಗ ಕಿಟಕಿಯಲ್ಲಿ ಬೋರ್ಡು ನೋಡಿ. ಆಮೇಲೆ ಬೇರೆ ಕಡೆಯೂ ಬಿತ್ತಿದ್ರು. ಆದರೆ ಮೊದಲ ಬೀಜ ನಮ್ಮ ಪಕ್ಕದ ಜಿಲ್ಲೆಗೆ ಬಂದಿದ್ದು ಹೆಲಿಕಾಪ್ಟರ್ ಅನ್ನೋದು ಹುಟ್ಟೋಕೂ ಮುಂಚೆ, ಸೌದೆಗಾಗಿಯೇ. ತೆಲುಗಿನೋರು ಇದನ್ನ ಸರ್ಕಾರು ತುಮ್ಮ ಅಂತಾರಲ್ಲ, ಯಾರು ತಂದಿದ್ದು ಅಂತ ಆ ಹೆಸರೇ ಹೇಳ್ತದೆ.

1882ರಲ್ಲಿ ಮದರಾಸು ಕಾಡು ಕಾಯ್ದೆ ಬಂತು. ಗುಡ್ಡಗಳಿಗೆ ಗಡಿಕಲ್ಲು ಬಿತ್ತು. ಅಲ್ಲಿಯ ತನಕ ಊರಿನದಾಗಿದ್ದ ಗುಡ್ಡ ರಿಸರ್ವ್ ಆಯ್ತು. ಅಪ್ಪಣೆ ಇಲ್ಲದೆ ಕಟ್ಟಿಗೆ ತಂದರೆ ಅಪರಾಧ. ಮರ ಉಳೀಬೇಕು ಅನ್ನೋದು ಸರಿಯೇ. ಆದರೆ ಮರ ತಿಂದಿದ್ದು ರೈಲು, ಬಾಗಿಲು ಹಾಕಿದ್ದು ಹೊರೆ ಹೊರೋ ಹೆಂಗಸಿಗೆ. ನನಗೆ ಇದೊಂದು ಮಾತ್ರ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಇಂಗ್ಲಿಷಿನೋರು ಹೋದರು, 1953ರಲ್ಲಿ ಆಂಧ್ರ ಆಯ್ತು, ಗಡಿಕಲ್ಲು ಮಾತ್ರ ಹಂಗೇ ಇತ್ತು. ನಾನು ಇನ್ನೂ ಸ್ಕೂಲಿಗೆ ಹೋಗ್ತಿದ್ದಾಗ ಅಕ್ಕನ ಊರಿನ ಐದಾರು ಹೆಂಗಸರು ನಸುಕಿನಲ್ಲೇ ಗುಡ್ಡಕ್ಕೆ ಹೋಗಿದ್ದರು. ಕಾವಲಿನೋನೊಬ್ಬ ಎದುರಾದ. ಹೊರೆ ಕೆಳಗೆ ಹಾಕಿಸಿ, ಕುಡುಗೋಲು, ಹಗ್ಗ, ತಲೆ ಮೇಲಿನ ಸಿಂಬೆ ಕೂಡ ಕಿತ್ಕೊಂಡ. ಸಿಂಬೆ ಅಂದರೆ ಹಳೇ ಸೀರೆಯ ಚೂರು, ಅದರಿಂದ ಅವನಿಗೆ ಏನು ಬರಬೇಕಿತ್ತೋ! ಅಕ್ಕ ಮನೆಗೆ ಬರಿಗೈಯಲ್ಲಿ ಬಂದಳು. ಅವತ್ತು ಸಂಜೆ ಒಲೆಗೆ ಇಟ್ಟಿದ್ದು ಹಳೇ ಕುಂಟೆಯ ಮುರಿದ ದಿಂಡು. ಅತ್ತೆ ಒಂದು ಮಾತೂ ಆಡಲಿಲ್ಲವಂತೆ. ಬೈದಿದ್ದರೇ ವಾಸಿ ಇತ್ತು ಅಂತ ಅಕ್ಕ ಈಗಲೂ ಅಂತಾಳೆ.

ಅದಾಗಿ ಕೆಲವು ವರ್ಷಕ್ಕೆ ಆ ಊರ ಕೆರೆಯಲ್ಲಿ, ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಎದ್ದಿತು. ಕಾಯಿ ಸಿಹಿ, ಆಡು ದನ ತಿಂತವೆ, ಸಗಣಿ ಬಿದ್ದ ಕಡೆಯೆಲ್ಲ ಸಸಿ. ಕಡಿದರೆ ಬುಡದಿಂದ ಹತ್ತು ಚಿಗುರು. ಕಾವಲಿನೋನು ಇಲ್ಲ, ಚೀಟಿ ಇಲ್ಲ. ಹಸಿಯಾಗಿದ್ರೂ ಉರೀತದೆ, ಕೆಂಡವೂ ಚೆನ್ನಾಗಿ ನಿಲ್ತದೆ. ಅಕ್ಕ ಮತ್ತೆ ಗುಡ್ಡದ ಕಡೆ ಹೋಗಲಿಲ್ಲ. ಅದನ್ನ ಸುಟ್ಟು ಇದ್ದಿಲು ಮಾಡಿ ಮಾರಿ ಒಂದಷ್ಟು ಸಂಸಾರ ಬದುಕಿದವು, ಕೂಲಿ ಇಲ್ಲದ ಬೇಸಿಗೆಯಲ್ಲಿ ಅದೇ ಕೂಲಿ. ಗುಡ್ಡದಲ್ಲಿ ಉಳಿದ ನಾಲ್ಕು ಕಮರ, ತುಗ್ಗಲಿ ಇವತ್ತು ಇದ್ದರೆ ಅದಕ್ಕೆ ಈ ಮುಳ್ಳಿನ ಮರವೂ ಒಂದು ಕಾರಣ ಅಂತ ನನ್ನ ಲೆಕ್ಕ.

ಕೇಡೂ ಉಂಟು. ಅದರ ಮುಳ್ಳು ತುಳಿದು ನಮ್ಮ ಒಂದು ಎತ್ತು ಗೊರಸು ಕೀವಾಗಿ ಒಂದು ಮುಂಗಾರು ಪೂರ್ತಿ ಕೊಟ್ಟಿಗೆಯಲ್ಲೇ ನಿಂತಿತ್ತು. ಅದು ಬೆಳೆದ ಕಡೆ ಹುಲ್ಲು ಬರಲ್ಲ, ಬಂದರಿಕೆ ಬರಲ್ಲ, ಕರಿಜಾಲಿಯೂ ಬರಲ್ಲ. ಇದಕ್ಕಿಂತ ದೊಡ್ಡ ಕೇಡು ಅಂದರೆ ಸೌದೆ ಅಂದರೆ ಇದೊಂದೇ ಅನ್ನೋಹಂಗೆ ಆಗಿದ್ದು. ನಾನು ತಮಟೆ ಜೊತೆ ಪದ ಹೇಳೋನು. ತಮಟೆ ಚರ್ಮ ಕಾಯಿಸೋಕೆ ಹುಲ್ಲಿನದೋ ಒಣಗರಿಯದೋ ಹಗುರ ಉರಿ ಬೇಕು. ಈಚೆಗೆ ಒಂದು ಜಾತ್ರೆಯಲ್ಲಿ ಹುಡುಗರು ಜಾಲಿ ಕೆಂಡದ ಮೇಲೆ ಹಿಡಿದು ಹೊಸ ತಮಟೆಯನ್ನ ಬಿರಿಯಂಗೆ ಮಾಡಿದ್ರು. ಯಾವ ಬೆಂಕಿ ಯಾವುದಕ್ಕೆ ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ?

1999ರಲ್ಲಿ ದೀಪಂ ಅಂತ ಹೆಂಗಸರ ಸಂಘಗಳಿಗೆ ಗ್ಯಾಸು ಬಂತು, 2016ರಲ್ಲಿ ಉಜ್ವಲ ಬಂತು, 2024ರ ದೀಪಾವಳಿಗೆ ವರ್ಷಕ್ಕೆ ಮೂರು ಸಿಲಿಂಡರ್ ಪುಕ್ಕಟೆ ಅಂದರು. ಬಹಳ ಒಳ್ಳೇದಾಯ್ತು. ಹೊಗೆಯಲ್ಲಿ ನಮ್ಮವ್ವನ ಕಣ್ಣು ಮಂಜಾಗಿದ್ದನ್ನ ನೋಡಿದೋನು ನಾನು, ಗ್ಯಾಸು ಬೇಡ ಅನ್ನಲ್ಲ. ಆದರೆ ಮೂರು ಸಿಲಿಂಡರ್‌ನಲ್ಲಿ ಹಂಡೆ ನೀರು ಕಾಯೋದಿಲ್ಲ. ಹಿಂದೂಪುರದಲ್ಲಿ ರೇಷ್ಮೆಗೂಡು ಬೇಯಿಸೋಕೆ, ಹಳ್ಳಿಯಲ್ಲಿ ಮದುವೆ ಅಡಿಗೆಗೆ, ಇಟ್ಟಿಗೆ ಗೂಡಿಗೆ ಈಗಲೂ ಸೌದೆ ಬೇಕು. ಅಕ್ಕನಿಗೆ ಈಗ ಎಪ್ಪತ್ತು ದಾಟೈತೆ. ಗ್ಯಾಸು ಒಳಗೈತೆ, ಹಂಡೆ ಹೊರಗೈತೆ. ಕೆರೆ ಜಾಲಿ ಕೀಳಿಸೋ ವಿಷಯ ಫೋನಿನಲ್ಲಿ ಹೇಳಿದೆ. "ಕೀಳಿಸ್ರಪ್ಪಾ, ಯಾರು ಬ್ಯಾಡ ಅಂದ್ರು. ಆದ್ರೆ ಆಮ್ಯಾಲೆ ಹಂಡಿ ಒಲಿಗೆ ಏನಿಡಾಣ ಅಂತ ಮೊದ್ಲೇ ಹೇಳಿ ಕೀಳಿಸ್ರಿ. ನಾನಂತೂ ಇನ್ನ ಗುಡ್ಡ ಹತ್ತಾಕಾಗಲ್ಲ" ಅಂದಳು.

ಹಂಗಾಗಿ ಹುಡುಗರಿಗೆ ನಾನು ಹೇಳೋದು ಇಷ್ಟು. ಕಾಲುವೆ ಮತ್ತು ಕೆರೆಯ ಮಧ್ಯದ್ದನ್ನ ಈ ವರ್ಷ ಕೀಳಿಸಿ. ಹಳ್ಳದ ದಂಡೆಯದನ್ನ ಇನ್ನೊಂದಷ್ಟು ವರ್ಷ ಬಿಡಿ, ಕಡೀತಾ ಉರಿಸ್ತಾ ಇರೋಣ. ಅಷ್ಟರಲ್ಲಿ ಬದುವಿನ ಮೇಲೆ ಹೊಂಗೆ, ತುಗ್ಗಲಿ, ಬಂದರಿಕೆ ಎಬ್ಬಿಸೋಣ. ಕಮರ ನಿಧಾನದ ಮರ, ಅದನ್ನ ಮೊಮ್ಮಕ್ಕಳಿಗೆ ಅಂತಲೇ ನೆಡಬೇಕು. ಸ್ಕೂಲಿನ ಮಕ್ಕಳಿಗೆ ತೋರಿಸೋಕೆ ಏಳು ಥರದ ಸೌದೆ ತುಂಡು ತಂದು ವಾಚನಾಲಯದ ಬೀರು ಪಕ್ಕ ಇಟ್ಟಿದ್ದೀನಿ. ದಯಮಾಡಿ ಯಾರೂ ಒಲೆಗೆ ಒಯ್ಯಬೇಡಿ. ತುಗ್ಗಲಿ ಬೀಜ ಎರಡು ಸೇರಿನಷ್ಟು ನನ್ನ ಹತ್ರ ಐತೆ. ಬೇಕಾದೋರು ಮುಂಗಾರು ಹಿಡಿಯೋಕೆ ಮುಂಚೆ ಬಂದು ತಗೊಂಡು ಹೋಗಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಿ.